ಬಣ್ಣಗಳ ತೂಕ

ಮಾಘ ಕಳೆದು ಫಾಲ್ಗುಣದ ಬಿಸಿಲು ಏರತೊಡಗಿತೆಂದರೆ, ಈ ಅಂಕಣದ ವಾಚಕರಿಂದ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮದುವೆಯ ಆರತಕ್ಷತೆಯಲ್ಲಿಯೋ ಪೇಟೆಯ ಹೋಟೆಲಿನಲ್ಲಿಯೋ, ಎತ್ತರವಾದ ಗಾಜಿನ ಲೋಟದೊಳಗೆ ಕೆಳಗೆ ಕೆಂಪು, ನಡುವೆ ಕಿತ್ತಳೆ, ಮೇಲೆ ತಿಳಿನೀಲಿ ಎಂದು ಒಂದರ ಮೇಲೊಂದು ನೆಲೆಗೊಂಡ ಹಣ್ಣಿನ ರಸಗಳನ್ನು ಕಂಡು ಮೆಚ್ಚಿ, ಮನೆಗೆ ಬಂದು, ತಮ್ಮಲ್ಲಿದ್ದ ರಸಗಳನ್ನು ಅದೇ ಕ್ರಮದಲ್ಲಿ ಎಷ್ಟೇ ಜಾಗರೂಕತೆಯಿಂದ ಸುರಿದರೂ ಅವೆಲ್ಲವೂ ಕ್ಷಣಮಾತ್ರದಲ್ಲಿ ಕಲೆತು ಕಂದುಬಣ್ಣದ ಒಂದೇ ದ್ರವವಾಗಿಬಿಡುವುದೇಕೆ ಎಂಬುದೇ ಆ ಪ್ರಶ್ನೆ. ಕೈಚಳಕ ಸಾಲದೆಂದು ಕೆಲವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹೋಟೆಲಿನವರಲ್ಲಿ ವಿಶೇಷ ಯಂತ್ರವಿರಬೇಕೆಂದು ಕೆಲವರು ಊಹಿಸುತ್ತಾರೆ. ಮಾಕ್‌ಟೇಲ್ ಎಂದು ಇಂದು ಎಲ್ಲರೂ ಕರೆಯುವ ಈ ಪಾನೀಯದ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಮನೆಯ ಮಕ್ಕಳ ದೆಸೆಯಿಂದ. ಅದು ಉಳಿದುಕೊಂಡುದು ಮಾತ್ರ ಅದರೊಳಗೆ ಅಡಗಿರುವ, ಸರಳವೂ ಸುಂದರವೂ ಆದ ಒಂದು ನಿಯಮದ ದೆಸೆಯಿಂದ. ಆ ನಿಯಮವನ್ನು ಬಲ್ಲವರಿಗೆ ಕೈಚಳಕವಾಗಲಿ ಯಂತ್ರವಾಗಲಿ ಬೇಕಾಗುವುದಿಲ್ಲ. ಅಂಗಡಿಯ ಸಿರಪ್ಪಿನ ಬಾಟಲಿಯೂ ಬೇಕಾಗುವುದಿಲ್ಲ ಎಂಬುದೇ ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬಯಸುವ ಮಾತು.

ಲೋಟದೊಳಗಿನ ಬಣ್ಣಗಳನ್ನು ಮೇಲುಕೀಳಾಗಿ ನಿಲ್ಲಿಸುವುದು ಅವುಗಳ ತೂಕ. ಒಂದೇ ಅಳತೆಯ ಎರಡು ದ್ರವಗಳಲ್ಲಿ ಯಾವುದು ಹೆಚ್ಚು ತೂಗುತ್ತದೆಯೋ ಅದು ಕೆಳಗಿಳಿಯುತ್ತದೆ, ಕಡಿಮೆ ತೂಗುವುದು ಅದರ ಮೇಲೆ ನಿಲ್ಲುತ್ತದೆ. ವಿಜ್ಞಾನಿಗಳು ಇದನ್ನು ಸಾಂದ್ರತೆಯ ಭೇದ ಎನ್ನುತ್ತಾರೆ. ಬತ್ತದ ಬಿತ್ತನೆಬೀಜವನ್ನು ಆರಿಸುವ ನಮ್ಮ ರೈತರು, ನೀರಿಗೆ ಉಪ್ಪನ್ನು ಕರಗಿಸುತ್ತ ಹೋಗಿ, ಅದರಲ್ಲಿ ಬಿಟ್ಟ ಕೋಳಿಮೊಟ್ಟೆ ತೇಲತೊಡಗಿದೊಡನೆ ನಿಲ್ಲಿಸಿ, ಆ ನೀರಿಗೆ ಬೀಜವನ್ನು ಸುರಿದು, ತೇಲಿದ ಜೊಳ್ಳನ್ನು ತೆಗೆದುಹಾಕಿ ಮುಳುಗಿದ ಗಟ್ಟಿಕಾಳನ್ನು ಉಳಿಸಿಕೊಳ್ಳುತ್ತಾರಲ್ಲವೆ, ಅಲ್ಲಿ ಉಪ್ಪು ಮಾಡುವ ಕೆಲಸವನ್ನೇ ಹಣ್ಣಿನ ರಸದಲ್ಲಿ ಸಕ್ಕರೆ ಮಾಡುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಶುದ್ಧ ಜಲ ಸುಮಾರು 998 ಗ್ರಾಂ ತೂಗುತ್ತದೆ. ನೂರು ಗ್ರಾಂ ದ್ರಾವಣದಲ್ಲಿ 10 ಗ್ರಾಂ ಸಕ್ಕರೆಯಿದ್ದರೆ ಆ ದ್ರಾವಣದ ಲೀಟರಿನ ತೂಕ 1038 ಗ್ರಾಂ ಆಗುತ್ತದೆ. 20 ಗ್ರಾಂ ಇದ್ದರೆ 1081, 40 ಗ್ರಾಂ ಇದ್ದರೆ 1176, 60 ಗ್ರಾಂ ಇದ್ದರೆ 1286. ನೂರು ಗ್ರಾಮಿನಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂಬ ಈ ಲೆಕ್ಕವನ್ನು 19ನೆಯ ಶತಮಾನದ ಜರ್ಮನ್ ಗಣಿತಜ್ಞನೂ ಎಂಜಿನಿಯರನೂ ಆಗಿದ್ದ ಆಡಾಲ್ಫ್ ಬ್ರಿಕ್ಸ್‌ನ ಹೆಸರಿನಿಂದ ಬ್ರಿಕ್ಸ್ ಡಿಗ್ರಿ ಎಂದು ಕರೆಯುವುದು ವಾಡಿಕೆಯಾಗಿದೆ. ಸಕ್ಕರೆ ಕಾರ್ಖಾನೆಯವರಿಗೂ ದ್ರಾಕ್ಷಿಯ ಬೆಳೆಗಾರರಿಗೂ ಇದು ನಿತ್ಯಪರಿಚಿತವಾದ ಅಳತೆ. ಅಡಿಗೆಮನೆಯಲ್ಲಿಯೂ ಇದನ್ನು ಪರಿಚಯ ಮಾಡಿಕೊಳ್ಳುವುದು ಉಪಯುಕ್ತ.

ಸ್ತರಗಳುಳ್ಳ ಪಾನೀಯ ಹೊಸದೇನೂ ಅಲ್ಲ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಮಹಾಗ್ರಂಥದಲ್ಲಿ ಒಂದು ಪ್ರಯೋಗವನ್ನು ವರ್ಣಿಸಿದ್ದಾನೆ: ಅತಿ ಕಿರಿದಾದ ಬಾಯುಳ್ಳ ಗಾಜಿನ ಗೋಳವೊಂದನ್ನು ನೀರಿನಿಂದ ತುಂಬಿ, ಕೆಂಪು ದ್ರಾಕ್ಷಾಮದ್ಯವಿರುವ ಪಾತ್ರೆಯ ಮೇಲೆ ಬೋರಲಾಗಿರಿಸಿದರೆ, ಮದ್ಯವು ಕೆಂಪು ಎಳೆಗಳಾಗಿ ಮೆಲ್ಲಮೆಲ್ಲನೆ ಮೇಲೇರುತ್ತದೆ, ನೀರು ಕೆಳಗಿಳಿಯುತ್ತದೆ, ಕಡೆಗೆ ಗೋಳದ ತುಂಬ ಮದ್ಯವೂ ಪಾತ್ರೆಯ ತಳದಲ್ಲಿ ನೀರೂ ನಿಲ್ಲುತ್ತವೆ. ಮದ್ಯಸಾರವು ನೀರಿಗಿಂತ ಬಹಳ ಹಗುರ, ಲೀಟರಿಗೆ 789 ಗ್ರಾಂ ಮಾತ್ರ. ಈ ಗುಣವನ್ನು ಆಶ್ರಯಿಸಿಯೇ 19ನೆಯ ಶತಮಾನದ ಫ್ರಾನ್ಸ್ ಮತ್ತು ಅಮೆರಿಕಗಳಲ್ಲಿ, ಊಟದ ತರುವಾಯ ಕಾಫಿಯೊಂದಿಗೆ ಕೊಡುವ ಪೂಸ್‌ಕಫೇ ಎಂಬ ಹಲವು ಪದರಗಳ ಮದ್ಯವು ಪ್ರಚಾರಕ್ಕೆ ಬಂದಿತು. 1862ರಲ್ಲಿ ನ್ಯೂಯಾರ್ಕಿನ ಜೆರ್ರಿ ಥಾಮಸ್ ಪ್ರಕಟಿಸಿದ ಪಾನಮಿಶ್ರಣದ ಕೈಪಿಡಿಯಲ್ಲಿ ಅದನ್ನು ಮಾಡುವ ವಿಧಾನಗಳಿವೆ. ಅಲ್ಲಿ ಹಗುರಾದ ತುದಿಯನ್ನು ಮದ್ಯಸಾರವೂ ಭಾರವಾದ ತುದಿಯನ್ನು ಸಕ್ಕರೆಯೂ ಹಂಚಿಕೊಳ್ಳುವುದರಿಂದ, ನಡುವೆ ಐದಾರು ಪದರಗಳಿಗೆ ಧಾರಾಳವಾಗಿ ಎಡೆ ದೊರೆಯುತ್ತಿತ್ತು.

ಮದ್ಯವನ್ನು ತ್ಯಜಿಸಿದೊಡನೆ ಆ ಹಗುರಾದ ಅರ್ಧ ನಮ್ಮ ಕೈಬಿಟ್ಟುಹೋಗುತ್ತದೆ. ಉಳಿಯುವುದು ನೀರಿನಿಂದ ಮೇಲಿನ ತೂಕಗಳು ಮಾತ್ರ. ಪದರಗಳನ್ನು ಬೇರ್ಪಡಿಸುವ ಸಮಸ್ತ ಭಾರವೂ ಸಕ್ಕರೆಯ ಮೇಲೆಯೇ ಬೀಳುತ್ತದೆ. ಅಂಗಡಿಗಳ ಮಾಕ್‌ಟೇಲ್‌ಗಳು ಅಷ್ಟೊಂದು ಸಿಹಿಯಾಗಿರುವುದಕ್ಕೆ ಇದೇ ಕಾರಣವೆಂದು ನಾನು ತಿಳಿದಿದ್ದೇನೆ. ಅವಸರದಲ್ಲಿ ಕೆಲಸ ಮಾಡಬೇಕಾದ ಹೋಟೆಲಿನವನು ಸುರಿಯುವ ಕೈ ತುಸು ಅಲುಗಿದರೂ ಪದರ ಕದಡಬಾರದೆಂದು, ತಳದಲ್ಲಿ ಅತ್ಯಂತ ಭಾರವಾದ ಸಿರಪ್ಪನ್ನು ಇರಿಸುತ್ತಾನೆ. ಹಣ್ಣಿನ ಉತ್ಪನ್ನಗಳನ್ನು ಕುರಿತು 1955ರಲ್ಲಿ ನಮ್ಮ ದೇಶದಲ್ಲಿ ಹೊರಟ ಆಜ್ಞೆಯ ಪ್ರಕಾರ ಸ್ಕ್ವಾಷ್ ಎನ್ನಿಸಿಕೊಳ್ಳಬೇಕಾದರೆ ಕನಿಷ್ಠ ಶೇಕಡ 25ರಷ್ಟು ಹಣ್ಣಿನ ರಸವೂ ಶೇಕಡ 40ರಷ್ಟು ಕರಗಿದ ಘನಾಂಶವೂ ಇರತಕ್ಕದ್ದೆಂದಿತ್ತು. ಹಣ್ಣಿನ ಸಿರಪ್ಪಿಗೆ ಆ ಘನಾಂಶ ಶೇಕಡ 65. ಘನಾಂಶವೆಂದರೆ ಬಹುಮಟ್ಟಿಗೆ ಸಕ್ಕರೆಯೇ. ಇಂತಹ ಸಿರಪ್ಪಿನ ಮೇಲೆ ಯಾವ ಹಣ್ಣಿನ ರಸವನ್ನು ಹೇಗೆ ಸುರಿದರೂ ನಿಲ್ಲುತ್ತದೆ; ನಿಲ್ಲುವುದಕ್ಕೆ ಬೇಕಾದುದಕ್ಕಿಂತ ಹಲವು ಪಟ್ಟು ಸಕ್ಕರೆಯನ್ನು ಮಾತ್ರ ಕುಡಿಯುವವನು ನುಂಗಬೇಕಾಗುತ್ತದೆ. ಅವಸರವಿಲ್ಲದ ಮನೆಯಲ್ಲಿ ಈ ವಿಧಾನವನ್ನು ಅನುಕರಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಏಕೆಂದರೆ ಹಣ್ಣುಗಳಿಗೆ ಅವುಗಳದೇ ಆದ ತೂಕಗಳುಂಟು. ಎಳನೀರು ಹೆಚ್ಚುಕಡಿಮೆ 5 ಬ್ರಿಕ್ಸ್ ಡಿಗ್ರಿಯದು. ಕಲ್ಲಂಗಡಿಯ ರಸ 8ರಿಂದ 10. ಮೂಸಂಬಿ ಅದರ ನೆರೆಯಲ್ಲಿಯೇ ನಿಲ್ಲುತ್ತದೆ. ಕಿತ್ತಳೆ 10ರಿಂದ 12. ಅನಾನಸು 12ರಿಂದ 14. ದಾಳಿಂಬೆ 14ರಿಂದ 16. ದ್ರಾಕ್ಷಿ 15ರಿಂದ 20ರವರೆಗೆ. ಕಬ್ಬಿನ ಹಾಲು 18ರಿಂದ 20. ತಳಿ, ಋತು, ಮಾಗಿದ ಪ್ರಮಾಣ ಇವುಗಳಿಗೆ ತಕ್ಕಂತೆ ಈ ಅಂಕಿಗಳು ಏರಿಳಿಯುತ್ತವೆಯಾದರೂ, ಎಳನೀರಿನಿಂದ ದ್ರಾಕ್ಷಿಯವರೆಗಿನ ಈ ಸೋಪಾನದಲ್ಲಿ ಹತ್ತು ಡಿಗ್ರಿಗಳ ಅಂತರವನ್ನು ನಿಸರ್ಗವೇ ನಮಗೆ ಒದಗಿಸಿಕೊಟ್ಟಿದೆಯೆಂಬುದರಲ್ಲಿ ಸಂದೇಹವಿಲ್ಲ. ಎರಡು ರಸಗಳ ನಡುವೆ ಮೂರು ಡಿಗ್ರಿಗಳ ಭೇದವಿದ್ದರೆ, ಎಂದರೆ ಲೀಟರಿಗೆ ಹನ್ನೆರಡು ಗ್ರಾಮಿನಷ್ಟು ತೂಕದ ಭೇದವಿದ್ದರೆ, ಮೆಲ್ಲನೆ ಸುರಿದ ಪದರ ನಿಲ್ಲಲು ಅಷ್ಟು ಸಾಕು. ಹಾಗಿರುವಲ್ಲಿ ಮೂರು ಪದರಗಳ ಲೋಟಕ್ಕೆ ಹೊರಗಿನಿಂದ ಸಕ್ಕರೆ ತರಬೇಕಾದ ಪ್ರಮೇಯವೇ ಇಲ್ಲ.

ಯಾವುದು ಭಾರ, ಯಾವುದು ಹಗುರ ಎಂದು ತಿಳಿಯಲು ನಾಲಗೆಯನ್ನು ಮಾತ್ರ ನಂಬಬಾರದು. ಹುಳಿಯು ಸಿಹಿಯನ್ನು ಮರೆಮಾಡುತ್ತದೆ. ಹುಳಿಯಾದ ಅನಾನಸು ನಾಲಗೆಗೆ ಕಲ್ಲಂಗಡಿಗಿಂತ ಕಡಿಮೆ ಸಿಹಿಯೆಂದು ತೋರಿದರೂ ತೂಕದಲ್ಲಿ ಅದಕ್ಕಿಂತ ಹೆಚ್ಚಿನದೇ. ಅಡಿಗೆಮನೆಯ ಸಣ್ಣ ತಕ್ಕಡಿಯಿದ್ದವರು ಒಂದೇ ಅಳತೆಯ ಲೋಟದಲ್ಲಿ ಕಂಠಮಟ್ಟ ತುಂಬಿ ಒಂದೊಂದನ್ನೂ ತೂಗಿ ನೋಡಬಹುದು. ತಕ್ಕಡಿಯಿಲ್ಲದವರಿಗೆ ಅದಕ್ಕಿಂತಲೂ ಸೊಗಸಾದ ಉಪಾಯವೊಂದಿದೆ: ಒಂದು ರಸವನ್ನು ಬಟ್ಟಲಿನಲ್ಲಿಟ್ಟು, ಅದರ ಮೇಲ್ಮೈಗೆ ತಾಗುವಂತೆ ಇನ್ನೊಂದರ ಒಂದೇ ಒಂದು ಹನಿಯನ್ನು ಚಮಚದ ತುದಿಯಿಂದ ಬಿಡಬೇಕು. ಹನಿ ಎಳೆಯಾಗಿ ತಳಕ್ಕಿಳಿದರೆ ಅದು ಭಾರವಾದುದು. ಮೇಲೆಯೇ ಹರಡಿ ನಿಂತರೆ ಹಗುರವಾದುದು. ಮಕ್ಕಳ ಕೈಯಲ್ಲಿ ಈ ಪರೀಕ್ಷೆಯನ್ನು ಮಾಡಿಸಿದರೆ, ಪಾಠಪುಸ್ತಕದಲ್ಲಿ ಬಾಯಿಪಾಠ ಮಾಡಿದ ಸಾಂದ್ರತೆಯೆಂಬುದು ಅವರ ಕಣ್ಣಮುಂದೆ ಇಳಿದು ಕಾಣಿಸುತ್ತದೆ. ನಮ್ಮ ಮನೆಯ ಮಕ್ಕಳಿಗೆ ಲೋಟದ ರಸಕ್ಕಿಂತ ಈ ಹನಿಯ ಮೇಲೆಯೇ ಹೆಚ್ಚು ಮಮತೆ ಬೆಳೆದುದನ್ನು ಕಂಡು ನನಗೆ ಬಹಳ ಸಂತೋಷವಾಗಿದೆ.

ಇಲ್ಲಿ ಒಂದು ಸಂದೇಹ ಸಹಜ. ರಸಗಳೆಲ್ಲವೂ ನೀರಿನಲ್ಲಿ ಕರಗಿದವುಗಳೇ ಆಗಿರುವಾಗ, ಎಣ್ಣೆ ಮತ್ತು ನೀರಿನಂತೆ ಅವು ಪರಸ್ಪರ ವಿಮುಖವಾಗಿರದಿರುವಾಗ, ಇಂದಲ್ಲ ನಾಳೆ ಕಲೆತುಹೋಗಲೇಬೇಕಲ್ಲವೆ? ಕಲೆಯುತ್ತವೆ, ನಿಜ, ಆದರೆ ತಾವಾಗಿ ಕಲೆಯುವ ವೇಗ ನಾವು ಊಹಿಸುವುದಕ್ಕಿಂತ ಅತ್ಯಂತ ಮಂದವಾದುದು. ಒಂದು ದ್ರವದ ಕಣಗಳು ಇನ್ನೊಂದರೊಳಕ್ಕೆ ಹರಡಿಕೊಳ್ಳುವ ವಿಸರಣಕ್ರಿಯೆಯ ನಿಯಮವನ್ನು 1855ರಲ್ಲಿ ಆಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞನು ನಿರೂಪಿಸಿದನು. ಆ ಲೆಕ್ಕದ ಪ್ರಕಾರ ನಿಶ್ಚಲವಾದ ನೀರಿನಲ್ಲಿ ಸಕ್ಕರೆಯ ಅಣು ಒಂದು ಗಂಟೆಯಲ್ಲಿ ಕ್ರಮಿಸುವ ದೂರ ಸುಮಾರು ಎರಡು ಮಿಲಿಮೀಟರ್, ಒಂದು ಹಗಲೂ ರಾತ್ರಿಯೂ ಸೇರಿದರೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ. ಆದುದರಿಂದ ಲೋಟದ ಬಣ್ಣಗಳನ್ನು ಕೆಡಿಸುವುದು ಕಾಲವಲ್ಲ, ಕಲಕಾಟ. ಎತ್ತರದಿಂದ ಬೀಳುವ ಧಾರೆಯ ವೇಗವೇ ಅವುಗಳ ಶತ್ರು. ನದಿಯು ಕಡಲನ್ನು ಸೇರುವ ಅಳಿವೆಗಳಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ನಿಲ್ಲುವುದೂ, ಗಂಗಾ ಬ್ರಹ್ಮಪುತ್ರೆಗಳು ತಂದು ಸುರಿಯುವ ನೀರಿನಿಂದ ಬಂಗಾಳ ಕೊಲ್ಲಿಯ ಮೇಲ್ಪದರ ಆಳದ ನೀರಿಗಿಂತ ಹಗುರವಾಗಿರುವುದೂ ಇದೇ ನಿಯಮದ ಬೃಹದ್ರೂಪಗಳು. ಜೀವವಿಜ್ಞಾನದ ಪ್ರಯೋಗಶಾಲೆಗಳಲ್ಲಿಯೂ ನಳಿಕೆಯೊಂದರಲ್ಲಿ ಗಾಢವಾದ ಸಕ್ಕರೆಯ ದ್ರಾವಣದ ಮೇಲೆ ತೆಳುವಾದುದನ್ನು ಪದರಪದರವಾಗಿ ನಿಲ್ಲಿಸಿ, ಅದರ ಮೂಲಕ ವೈರಸ್ಸುಗಳನ್ನೂ ಜೀವಕೋಶದ ಭಾಗಗಳನ್ನೂ ತೂಕಕ್ಕನುಸಾರವಾಗಿ ಬೇರ್ಪಡಿಸುತ್ತಾರೆ. 1951ರಲ್ಲಿ ಅಮೆರಿಕದ ಮೈರನ್ ಬ್ರಾಕಿ ಸಸ್ಯವೈರಸ್ಸೊಂದನ್ನು ಶುದ್ಧೀಕರಿಸಲು ಈ ಕ್ರಮವನ್ನು ಬಳಕೆಗೆ ತಂದನು. ಆ ನಳಿಕೆಗೂ ನಮ್ಮ ಲೋಟಕ್ಕೂ ತತ್ತ್ವದಲ್ಲಿ ಭೇದವಿಲ್ಲವೆಂಬುದು ನನಗೆ ಯಾವಾಗಲೂ ಹರ್ಷವನ್ನುಂಟುಮಾಡುವ ಸಂಗತಿ.

ಇನ್ನು ಮನೆಯಲ್ಲಿ ಮಾಡತಕ್ಕ ಕ್ರಮ. ನಾನು ಮೊದಲಿಗೆ ಶಿಫಾರಸು ಮಾಡುವುದು ದ್ರಾಕ್ಷಿ, ಕಿತ್ತಳೆ, ಎಳನೀರುಗಳ ತ್ರಿವರ್ಣ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಕಡೆಯಿಂದ ಬರುವ, ಬೆಂಗಳೂರು ನೀಲಿ ಎಂದು ಹೆಸರಾದ, ಬೀಜವುಳ್ಳ ಕಪ್ಪುದ್ರಾಕ್ಷಿ ಈ ಕೆಲಸಕ್ಕೆ ಅತ್ಯುತ್ತಮವಾದುದು. ತಿನ್ನುವುದಕ್ಕೆ ಬೀಜರಹಿತ ದ್ರಾಕ್ಷಿಯನ್ನು ಬಯಸುವವರು ಇದನ್ನು ಕಡೆಗಣಿಸುವುದುಂಟಾದರೂ, ಅದರ ಬಣ್ಣದ ಗಾಢತೆಯೂ ಪರಿಮಳವೂ ಬೇರೆ ದ್ರಾಕ್ಷಿಗಿಲ್ಲ. ಬಣ್ಣವೆಲ್ಲವೂ ಸಿಪ್ಪೆಯಲ್ಲಿರುವುದರಿಂದ ಹಣ್ಣನ್ನು ತೊಳೆದು, ನೀರು ಹಾಕದೆಯೇ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೆಚ್ಚಗೆ ಮಾಡಿ, ಸೌಟಿನಿಂದ ಕಿವುಚಿ, ತೆಳುಬಟ್ಟೆಯಲ್ಲಿ ಹಿಂಡದೆ ಸೋಸಿ ತಣಿಸಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು ಬರುತ್ತದೆ. ಕಿತ್ತಳೆಯನ್ನು ಕೈಯಿಂದ ಹಿಂಡಿ, ಅದನ್ನೂ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಕಿತ್ತಳೆ ಮೂಸಂಬಿಗಳ ರಸವನ್ನು ಹಿಂಡಿಟ್ಟರೆ ಹೊತ್ತು ಹೋದಂತೆ ಅದರಲ್ಲಿ ಕಹಿ ಹುಟ್ಟುವುದರಿಂದ ಈ ಕೆಲಸವನ್ನು ಕಡೆಗೆ ಇಟ್ಟುಕೊಳ್ಳತಕ್ಕದ್ದು. ಎಳನೀರಿಗೆ ಯಾವ ಸಂಸ್ಕಾರವೂ ಬೇಡ.

ಮೂರನ್ನೂ ಫ್ರಿಜ್ಜಿನಲ್ಲಿ ಒಂದೇ ಸಮನಾಗಿ ತಣಿಸಿರಬೇಕು. ಬಿಸಿಯಾದ ದ್ರವ ಹಗುರವೆಂಬುದು ನಿಜವಾದರೂ ಅದರ ಪರಿಣಾಮ ಅಲ್ಪವಾದುದು: 30 ಡಿಗ್ರಿಯ ನೀರಿಗೂ 4 ಡಿಗ್ರಿಯ ನೀರಿಗೂ ಇರುವ ತೂಕದ ಭೇದ ಒಂದು ಬ್ರಿಕ್ಸ್ ಡಿಗ್ರಿಗೆ ಹತ್ತಿರ ಸಮನಾದುದು, ಅಂತರ ಮೂರೇ ಡಿಗ್ರಿಯಿರುವ ಕಡೆ ಅದನ್ನು ಕಳೆದುಕೊಳ್ಳುವುದೇಕೆ? ಇದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವುದು ನೊರೆ. ಮಿಕ್ಸಿಯಲ್ಲಿ ತಿರುಗಿಸಿದ ರಸದಲ್ಲಿ ಗಾಳಿ ಸೂಕ್ಷ್ಮವಾದ ಗುಳ್ಳೆಗಳಾಗಿ ಸೇರಿಕೊಂಡಿರುವುದರಿಂದ ಅದು ತನ್ನ ನಿಜವಾದ ತೂಕಕ್ಕಿಂತ ಹಗುರವಾಗಿ ವರ್ತಿಸುತ್ತದೆ. ಅರ್ಧ ಗಂಟೆ ಕದಲಿಸದೆ ಇಟ್ಟು, ಮೇಲಿನ ನೊರೆಯನ್ನು ತೆಗೆದುಹಾಕಿದ ಮೇಲೆಯೇ ಉಪಯೋಗಿಸಬೇಕು. ನನಗೆ ಬರೆದು ಕೇಳಿದವರಲ್ಲಿ ಬಹುಮಂದಿಯ ತೊಂದರೆಗೆ ಮೂಲ ಇಲ್ಲಿಯೇ ಇರುವುದೆಂದು, ಅವರು ವಿವರಿಸಿರುವ ರೀತಿಯಿಂದ ನನಗೆ ತೋರುತ್ತದೆ.

ಸುರಿಯುವುದರಲ್ಲಿ ಎರಡು ಮಾರ್ಗಗಳುಂಟು. ಎಲ್ಲರೂ ಬಲ್ಲ ಮಾರ್ಗ ಮೇಲಿನಿಂದ ಸುರಿಯುವುದು: ಭಾರವಾದ ದ್ರಾಕ್ಷಿಯ ರಸವನ್ನು ಮೊದಲು ಹಾಕಿ, ಲೋಟದ ತುಂಬ ಐಸ್ ತುಂಡುಗಳನ್ನಿಟ್ಟು, ಚಮಚವನ್ನು ಬೋರಲಾಗಿ ಲೋಟದ ಗೋಡೆಗೆ ಒತ್ತಿಹಿಡಿದು, ಅದರ ಬೆನ್ನ ಮೇಲೆ ಕಿತ್ತಳೆಯನ್ನೂ ಬಳಿಕ ಎಳನೀರನ್ನೂ ನೂಲಿನಷ್ಟು ಸಣ್ಣ ಧಾರೆಯಲ್ಲಿ ಇಳಿಸುವುದು. ಐಸ್ ಧಾರೆಯ ವೇಗವನ್ನು ಮುರಿಯುತ್ತದೆ, ಅದು ಕರಗಿದ ನೀರು ಎಲ್ಲಕ್ಕಿಂತ ಹಗುರವಾದುದರಿಂದ ಮೇಲೆಯೇ ನಿಲ್ಲುತ್ತದೆ. ಇನ್ನೊಂದು ಮಾರ್ಗ ಕೆಳಗಿನಿಂದ ತುಂಬುವುದು. ಪ್ರಯೋಗಶಾಲೆಗಳಲ್ಲಿಯೂ ಅನುಸರಿಸುವ ಈ ಕ್ರಮ ನನಗೆ ಹೆಚ್ಚು ಪ್ರಿಯವಾದುದು. ಮೊದಲು ಹಗುರಾದ ಎಳನೀರನ್ನು ಬರಿಯ ಲೋಟಕ್ಕೆ ಹಾಕಿ, ಉದ್ದ ಕೊಳವೆಯ ಆಲಿಕೆಯನ್ನು ತಳ ಮುಟ್ಟುವಂತೆ ಇಳಿಸಿ, ಅದರ ಮೂಲಕ ಕಿತ್ತಳೆಯನ್ನು, ಅನಂತರ ದ್ರಾಕ್ಷಿಯನ್ನು ಮೆಲ್ಲನೆ ಬಿಡುತ್ತ ಹೋದರೆ, ಪ್ರತಿಯೊಂದೂ ತನಗಿಂತ ಹಗುರಾದುದನ್ನು ಕದಡದೆ ಮೇಲಕ್ಕೆತ್ತುತ್ತ ತನ್ನ ಸ್ಥಾನವನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಆಲಿಕೆ ಇಲ್ಲದಿದ್ದರೆ ಔಷಧದ ಅಂಗಡಿಯಲ್ಲಿ ದೊರೆಯುವ, ಸೂಜಿಯಿಲ್ಲದ 50 ಮಿಲಿಲೀಟರಿನ ಹೊಸ ಸಿರಿಂಜಿಗೆ ಸ್ಟ್ರಾ ಒಂದನ್ನು ಸಿಕ್ಕಿಸಿಕೊಂಡರಾಯಿತು. ಪದರದ ಅಂಚು ಕತ್ತರಿಸಿಟ್ಟಷ್ಟು ನೇರವಾಗಿ ಬರುತ್ತದೆ. ಆಲಿಕೆಯನ್ನು ಹೊರತೆಗೆಯುವಾಗ ಮಾತ್ರ, ಅದರ ಬಾಯನ್ನು ಬೆರಳಿನಿಂದ ಮುಚ್ಚಿಕೊಂಡು ನೇರವಾಗಿ ಎತ್ತಬೇಕು.

ಪ್ರತಿಯೊಂದರಿಂದಲೂ 60 ಮಿಲಿಲೀಟರ್ ತೆಗೆದುಕೊಂಡೆವೆನ್ನೋಣ. ದ್ರಾಕ್ಷಿ 16, ಕಿತ್ತಳೆ 11, ಎಳನೀರು 5 ಡಿಗ್ರಿಯವಾದರೆ, ಒಟ್ಟು ಸಕ್ಕರೆಯ ಅಂಶ ಸುಮಾರು 20 ಗ್ರಾಂ. ಮೂರನ್ನೂ ಕಲಕಿದಾಗ ಲೋಟದ ಸಿಹಿ ಹನ್ನೊಂದು ಡಿಗ್ರಿಗೆ, ಎಂದರೆ ಒಳ್ಳೆಯ ಕಿತ್ತಳೆಯ ಸಿಹಿಗೆ, ಬಂದು ನಿಲ್ಲುತ್ತದೆ. ಇದನ್ನು ವಿಸ್ತರಿಸಿ ಹೇಳುವುದಕ್ಕೆ ಕಾರಣವಿದೆ. ಪದರಗಳ ಪಾನೀಯವನ್ನು ರಚಿಸುವವರು ಕಣ್ಣಿಗೆ ಕಾಣುವ ಪದರಗಳ ಚೆಲುವನ್ನಷ್ಟೇ ಲೆಕ್ಕಿಸಿ, ಕುಡಿಯುವವನು ಕಡೆಗೊಮ್ಮೆ ಅದನ್ನು ಕಲಕಿಯೇ ಕಲಕುತ್ತಾನೆಂಬುದನ್ನು ಮರೆಯುತ್ತಾರೆ. ಕಲಕಿದ ಮೇಲೆಯೂ ಅದು ಒಂದು ರುಚಿಯುಳ್ಳ ಪಾನೀಯವಾಗಿರಬೇಕು, ಒಂದು ಬಣ್ಣವುಳ್ಳ ಪಾನೀಯವೂ ಆಗಿರಬೇಕು. ನೀಲಿಯನ್ನು ಕಿತ್ತಳೆಯೊಡನೆ ಸೇರಿಸಿದರೆ ಸಿಗುವುದು ಮಂಕಾದ ಕಂದು. ಕೆಂಪನ್ನು ಹಳದಿಯೊಡನೆ ಸೇರಿಸಿದರೆ ಸಂಧ್ಯಾಕಾಲದ ಕಾವಿ. ವರ್ಣಚಕ್ರದಲ್ಲಿ ನೆರೆಹೊರೆಯಾದ ಬಣ್ಣಗಳನ್ನೇ ಲೋಟದಲ್ಲಿಯೂ ನೆರೆಹೊರೆಯಾಗಿಸಿದರೆ, ಕೈ ತುಸು ಅಲುಗಿ ಅಂಚು ಕದಡಿದರೂ ಅದೇ ಒಂದು ಹೊಸ ಶೋಭೆಯಾಗುತ್ತದೆ. ವೈಶಾಖದಲ್ಲಿ ರಸಪುರಿ ಮಾವು ಬಂದಾಗ, ಅದರ ತಿರುಳನ್ನು ತಳಕ್ಕಿಟ್ಟು ಮೇಲೆ ಕಲ್ಲಂಗಡಿಯ ರಸವನ್ನು ನಿಲ್ಲಿಸಿ ನೋಡಬೇಕು. ಮಾವಿಗೆ ಸಕ್ಕರೆಯ ತೂಕದ ಜೊತೆಗೆ ತಿರುಳಿನ ಬಿಗಿಯೂ ಇರುವುದರಿಂದ ಈ ಜೋಡಿ ಆರಂಭಿಸುವವರಿಗೆ ಅತ್ಯಂತ ಸುಲಭವಾದುದು. ಕಲ್ಲಂಗಡಿಯ ಕೆಂಪು ಮಾತ್ರ ಹೊತ್ತು ಹೋದಂತೆ ಕಣಕಣವಾಗಿ ನೀರಿನಿಂದ ಬೇರೆಯಾಗುವುದರಿಂದ, ಮಾಡಿದೊಡನೆ ಕುಡಿಯುವುದು ಲೇಸು.

ನೀಲಿಬಣ್ಣವನ್ನು ಬಯಸುವವರು ಬಹಳ. ಹಣ್ಣುಗಳಲ್ಲಿ ನಿಜವಾದ ನೀಲಿ ದುರ್ಲಭ. ಆ ಕಾರಣದಿಂದಲೇ ಅಂಗಡಿಗಳ ನೀಲಿಯೆಲ್ಲವೂ ಕೃತಕವರ್ಣದ ಬಾಟಲಿಯಿಂದ ಬರುತ್ತದೆ. ಆದರೆ ನಮ್ಮ ಬೇಲಿಗಳ ಮೇಲೆ ಹಬ್ಬುವ ಶಂಖಪುಷ್ಪದಲ್ಲಿ ಆ ನೀಲಿ ನಿರಾಯಾಸವಾಗಿ ದೊರೆಯುತ್ತದೆ. ಥಾಯ್ಲೆಂಡಿನಲ್ಲಿ ಇದರ ಪಾನಕವೂ ಮಲೇಷಿಯದಲ್ಲಿ ಇದರಿಂದ ಬಣ್ಣವೇರಿಸಿದ ಅನ್ನವೂ ಬಹುಕಾಲದಿಂದ ಬಳಕೆಯಲ್ಲಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಈ ಹೂವಿನ ಸಾರವನ್ನು ಆಹಾರಕ್ಕೆ ಬಳಸಬಹುದಾದ ಬಣ್ಣವೆಂದು ಅಂಗೀಕರಿಸಿತು. ಔಷಧ ಸಿಂಪಡಿಸದ ಗಿಡದಿಂದ ಕೊಯ್ದ ಏಳೆಂಟು ಹೂಗಳ ತೊಟ್ಟನ್ನೂ ಹಸುರು ಪುಷ್ಪಪಾತ್ರೆಯನ್ನೂ ತೆಗೆದು, ಒಂದು ಲೋಟ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ ಸೋಸಿ ತಣಿಸಿದರೆ, ಮಳೆ ನಿಂತ ಆಕಾಶದ ನೀಲಿ ಸಿದ್ಧವಾಗುತ್ತದೆ. ಈ ವರ್ಣದ್ರವ್ಯ ಆಂಥೋಸಯನಿನ್ ಎಂಬ ಕುಲಕ್ಕೆ ಸೇರಿದುದು. ದ್ರಾಕ್ಷಿಯ ಸಿಪ್ಪೆಯಲ್ಲಿರುವುದೂ ಅದೇ ಕುಲದ್ದು. ಹುಳಿ ತಗಲಿದರೆ ಕೆಂಪಿನ ಕಡೆಗೆ ತಿರುಗುವುದು ಈ ಕುಲದ ಸ್ವಭಾವ. ರಾಬರ್ಟ್ ಬಾಯ್ಲ್ 1664ರಲ್ಲಿ ಪ್ರಕಟಿಸಿದ ವರ್ಣಗಳ ಕುರಿತ ಗ್ರಂಥದಲ್ಲಿ, ವಯೊಲೆಟ್ ಹೂವಿನ ಶರಬತ್ತು ಹುಳಿಯಿಂದ ಕೆಂಪಾಗುವುದನ್ನೂ ಕ್ಷಾರದಿಂದ ಹಸುರಾಗುವುದನ್ನೂ ತೋರಿಸಿದನು. ಒಂದು ದ್ರವವು ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ಗುರುತಿಸುವ ಕ್ರಮಕ್ಕೆ ಶರಬತ್ತಿನ ಬಟ್ಟಲು ನೆರವಾಯಿತೆಂಬುದು ಮನೆಯಲ್ಲಿ ಪಾನಕ ಮಾಡುವವರೆಲ್ಲರೂ ಅಭಿಮಾನಪಡತಕ್ಕ ವಿಷಯ. ಲೋಟದ ತಳದಲ್ಲಿ ಸಕ್ಕರೆ ಬೆರೆತ ನಿಂಬೆಹಣ್ಣಿನ ಪಾನಕವನ್ನಿಟ್ಟು ಅದರ ಮೇಲೆ ಸಕ್ಕರೆಯಿಲ್ಲದ ಶಂಖಪುಷ್ಪದ ನೀರನ್ನು ನಿಲ್ಲಿಸಿದರೆ, ಎರಡರ ಸಂಧಿಯಲ್ಲಿ ಯಾರೂ ಹಾಕದ ಮೂರನೆಯ ಬಣ್ಣವೊಂದು, ನೇರಿಳೆಯ ಪಟ್ಟಿಯಾಗಿ, ತಾನೇ ಹುಟ್ಟಿಕೊಳ್ಳುತ್ತದೆ. ಮಾವು, ಪಪ್ಪಾಯಿ, ಕಲ್ಲಂಗಡಿಗಳ ಬಣ್ಣ ಬೇರೆ ಕುಲದ್ದಾದುದರಿಂದ ನಿಂಬೆ ತಗಲಿದರೂ ಬದಲಾಗುವುದಿಲ್ಲ.

ಕರಾವಳಿಯ ವಾಚಕರು ಪುನರ್ಪುಳಿಯೆಂದೂ ಶಿರಸಿ ಸಿದ್ದಾಪುರಗಳವರು ಮುರುಗಲೆಂದೂ ಕರೆಯುವ ಹಣ್ಣಿನ ವಿಷಯವನ್ನು ಹೇಳದೆ ಮುಂದುವರಿಯುವುದು ಅನ್ಯಾಯ. ಬೇಸಗೆಯಲ್ಲಿ ಅದರ ಸಿಪ್ಪೆಯನ್ನೂ ಸಕ್ಕರೆಯನ್ನೂ ಭರಣಿಯಲ್ಲಿ ಪದರಪದರವಾಗಿ ತುಂಬಿ ಬಿಸಿಲಿಗಿಟ್ಟು, ಸಕ್ಕರೆ ಎಳೆದುಕೊಂಡ ರಸವನ್ನು ಬಸಿದು ವರ್ಷವಿಡೀ ಕಾಪಾಡಿಕೊಳ್ಳುವ ಮನೆಗಳಲ್ಲಿ, ಮಾಣಿಕ್ಯದಂತಹ ಕೆಂಪೊಂದು ಕಪಾಟಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಇದು ಸಿರಪ್ಪೇ ಅಹುದಾದರೂ ಒಂದು ಲೋಟಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಬೇಡದಷ್ಟು ಹುಳಿಯುಳ್ಳದ್ದು. ಅದನ್ನು ತಳಕ್ಕಿಳಿಸಿ, ಜೀರಿಗೆಯ ಪುಡಿಯನ್ನೂ ಚಿಟಿಕೆ ಉಪ್ಪನ್ನೂ ಬೆರೆಸಿದ ತಣ್ಣೀರನ್ನು ಮೇಲೆ ಬಿಟ್ಟರೆ, ಗಾಢವಾದ ಕೆಂಪಿನಿಂದ ಬಣ್ಣವಿಲ್ಲದ ತುದಿಯವರೆಗೆ ಒಂದೇ ವರ್ಣದ ಹಲವು ಛಾಯೆಗಳು ಲೋಟದ ಉದ್ದಕ್ಕೂ ತೋರುತ್ತವೆ. ಅಂಚು ಗೆರೆಯಷ್ಟು ನೇರವಾಗಿರಬೇಕೆಂಬ ಹಟ ಇಲ್ಲಿ ಸಲ್ಲದು. ನನಗಂತೂ ಮೂರು ಬಣ್ಣಗಳ ಲೋಟಕ್ಕಿಂತ ಇದೇ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಕೃತಕವರ್ಣಗಳನ್ನು ಕುರಿತು ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ. ಕಾನೂನು ಕೆಲವನ್ನು ಮಿತವಾದ ಪ್ರಮಾಣದಲ್ಲಿ ಅನುಮತಿಸಿದೆ. ಆದರೆ ಅನುಮತಿಸಿದುದಕ್ಕೂ ಅನುಮತಿಸದುದಕ್ಕೂ ಕಣ್ಣಿಗೆ ಭೇದವಿಲ್ಲ, ಪ್ರಮಾಣವನ್ನು ಅಳೆಯುವ ಸಾಧನವೂ ಗಿರಾಕಿಯ ಕೈಯಲ್ಲಿಲ್ಲ. 2024ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿಯೂ ಬೊಂಬಾಯಿ ಮಿಠಾಯಿಯಲ್ಲಿಯೂ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಬೇಕಾಗಿ ಬಂದುದು, ಪರೀಕ್ಷೆಗೊಳಪಟ್ಟ ಮಾದರಿಗಳಲ್ಲಿ ಬಟ್ಟೆಗೆ ಹಾಕತಕ್ಕ ರೋಡಮಿನ್‌–ಬಿ ಮೊದಲಾದವು ಕಂಡುಬಂದುದರಿಂದ. ಬಣ್ಣವೇ ಪ್ರಧಾನವಾಗಿರುವ ಪಾನೀಯವನ್ನು ಮಕ್ಕಳ ಕೈಗೆ ಕೊಡುವಾಗ, ಆ ಬಣ್ಣ ಯಾವ ಹಣ್ಣಿನದು, ಯಾವ ಹೂವಿನದು ಎಂದು ಹೆಸರಿಟ್ಟು ಹೇಳಬಲ್ಲ ಸ್ಥಿತಿ ನಮಗಿರಬೇಕು.

ಸಕ್ಕರೆಯ ವಿಷಯದಲ್ಲಿಯೂ ಅಷ್ಟೇ ಸ್ಪಷ್ಟವಾದ ಮಾತು ಅಗತ್ಯ. ಹೊರಗಿನಿಂದ ಸಕ್ಕರೆ ಸೇರಿಸಲಿಲ್ಲವೆಂದ ಮಾತ್ರಕ್ಕೆ ಹಣ್ಣಿನ ರಸ ನಿರಪಾಯವೆಂದು ಮಧುಮೇಹಿಗಳು ಭಾವಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ, ನಾರಿನಿಂದ ಬೇರ್ಪಟ್ಟ ಹಣ್ಣಿನ ರಸದ ಸಕ್ಕರೆಯನ್ನೂ ಜೇನಿನ ಸಕ್ಕರೆಯನ್ನೂ ಮೇಜಿನ ಸಕ್ಕರೆಯ ಸಾಲಿನಲ್ಲಿಯೇ ಎಣಿಸಿ, ದಿನದ ಆಹಾರಶಕ್ತಿಯಲ್ಲಿ ಇವೆಲ್ಲವೂ ಸೇರಿ ಶೇಕಡ 10ನ್ನು ಮೀರಕೂಡದೆಂದೂ, ಶೇಕಡ 5ಕ್ಕೆ, ಎಂದರೆ ಸುಮಾರು 25 ಗ್ರಾಮಿಗೆ, ಇಳಿಸಿದರೆ ಮತ್ತಷ್ಟು ಹಿತವೆಂದೂ ಹೇಳಿದೆ. ಮೇಲೆ ಹೇಳಿದ ನಮ್ಮ ದ್ರಾಕ್ಷಿ ಕಿತ್ತಳೆಯ ಲೋಟ 20 ಗ್ರಾಮಿನಲ್ಲಿ ನಿಂತಿತು. 60 ಡಿಗ್ರಿಯ ಸಿರಪ್ಪಾದರೆ ಅದರ ಎರಡೇ ದೊಡ್ಡ ಚಮಚ, 30 ಮಿಲಿಲೀಟರ್, ತಾನೊಂದೇ 23 ಗ್ರಾಂ ಸಕ್ಕರೆಯನ್ನು ಹೊತ್ತಿರುತ್ತದೆ, ಅದರ ಮೇಲಿನ ರಸದ್ದು ಬೇರೆ. ಹಾಗಾಗಿ ಲೋಟವನ್ನು ಚಿಕ್ಕದಾಗಿಟ್ಟುಕೊಳ್ಳಬೇಕು, ನಿತ್ಯದ ಅಭ್ಯಾಸವಾಗಿ ಮಾಡಿಕೊಳ್ಳದೆ ಹಬ್ಬಕ್ಕೂ ನೆಂಟರಿಗೂ ಮೀಸಲಾಗಿಡಬೇಕು.

ಕುಡಿಯುವ ಕ್ರಮವನ್ನು ಕುರಿತೂ ಎರಡು ಮಾತು. ಲೋಟಕ್ಕೆ ಸ್ಟ್ರಾ ಇಟ್ಟುಕೊಡುವ ಪದ್ಧತಿ ಪದರಗಳ ಪಾನೀಯಕ್ಕೆ ಹೊಂದುವುದಿಲ್ಲ. ಸ್ಟ್ರಾ ತಳದಿಂದ ಎಳೆಯುವುದರಿಂದ ಮೊದಲ ಗುಟುಕೇ ಅತ್ಯಂತ ಸಿಹಿಯಾಗಿ, ಆಮೇಲಿನದೆಲ್ಲವೂ ಸಪ್ಪೆಯೆನಿಸುತ್ತದೆ. ತುಟಿಯಿಟ್ಟು ಕುಡಿದರೆ ಎಳನೀರಿನ ತಂಪಿನಿಂದ ಮೊದಲಾಗಿ, ಕಿತ್ತಳೆಯ ಹುಳಿಯನ್ನು ಹಾದು, ದ್ರಾಕ್ಷಿಯ ಗಾಢತೆಗೆ ನಾಲಗೆ ಕ್ರಮವಾಗಿ ಏರುತ್ತದೆ. ಸಿಹಿ ಹೆಚ್ಚುತ್ತ ಹೋಗುವ ಈ ಆರೋಹಣವನ್ನು ಅನುಭವಿಸುವುದಕ್ಕಾಗಿಯೇ ಪದರಗಳನ್ನು ಮಾಡುವುದು ಸಾರ್ಥಕವೆಂದು ನಾನು ನಂಬಿದ್ದೇನೆ. ಚಮಚವೊಂದನ್ನು ಜೊತೆಗಿಟ್ಟರೆ, ಕಲಕಿ ಕುಡಿಯಬಯಸುವವರು ಕಲಕಿಕೊಳ್ಳಲಿ.

ಹಾಲನ್ನು ಪದರವಾಗಿ ಬಳಸಬಹುದೇ ಎಂದೂ, ಐವತ್ತು ಅರವತ್ತು ಮಂದಿಗೆ ಏಕಕಾಲದಲ್ಲಿ ಮಾಡುವುದು ಹೇಗೆಂದೂ ಹಲವರು ಕೇಳಿದ್ದಾರೆ. ಹಾಲು ಮಾವಿನ ಜೊತೆಗೆ ಹೊಂದುತ್ತದೆ. ಕಿತ್ತಳೆ, ನಿಂಬೆ, ಅನಾನಸುಗಳ ಹುಳಿ ತಗಲಿದಲ್ಲಿ ಒಡೆದುಹೋಗುವುದರಿಂದ ಅವುಗಳ ನೆರೆಯಲ್ಲಿ ಇರಿಸಕೂಡದು. ಹೆಚ್ಚು ಮಂದಿಗೆ ಮಾಡುವವರು, ತಣಿಸಿದ ಲೋಟಗಳನ್ನು ತಟ್ಟೆಯಲ್ಲಿ ಸಾಲಾಗಿಟ್ಟು, ಎಲ್ಲಕ್ಕೂ ಮೊದಲು ತಳದ ಪದರವನ್ನು, ಬಳಿಕ ಎಲ್ಲಕ್ಕೂ ನಡುವಿನ ಪದರವನ್ನು ಹಾಕಿ, ತಟ್ಟೆಯನ್ನು ಅಲುಗಿಸದೆ ಫ್ರಿಜ್ಜಿನಲ್ಲಿ ಸೇರಿಸಿಡಬಹುದು. ವಿಸರಣದ ವೇಗ ಗಂಟೆಗೆ ಎರಡೇ ಮಿಲಿಮೀಟರಾದುದರಿಂದ ಎರಡು ಗಂಟೆಗಳ ಮಟ್ಟಿಗೆ ಚಿಂತೆಯಿಲ್ಲ. ಮೇಲಿನ ಎಳನೀರನ್ನು ಅತಿಥಿಗಳು ಬಂದು ಕುಳಿತ ಮೇಲೆ ಚಮಚದ ಬೆನ್ನಿನಿಂದ ಇಳಿಸಬೇಕು. ಎಳನೀರಿಗೆ ಬದಲಾಗಿ ಸೋಡವನ್ನು ಬಯಸುವವರು, ಅದರ ಗುಳ್ಳೆಗಳು ಮೇಲೇರುತ್ತ ಕೆಳಗಿನ ರಸವನ್ನು ಜೊತೆಯಲ್ಲಿ ಎಳೆದುಕೊಂಡು ಬರುವುದರಿಂದ, ಬಾಟಲಿಯನ್ನು ತೆರೆದು ಒಂದೆರಡು ನಿಮಿಷ ಅದರ ರಭಸ ಇಳಿಯಲು ಬಿಟ್ಟು, ಅತಿಥಿಯ ಎದುರಿನಲ್ಲಿಯೇ, ಲೋಟದ ಗೋಡೆಯನ್ನು ಅನುಸರಿಸಿ ಸುರಿಯತಕ್ಕದ್ದು.